ಬಾಗಿಲು ಹಾಕಿಸಿದವರೂ ಸಾಲ ಹೊತ್ತವರೂ

ಕೊರೋನಾ ಹಾವಳಿ ನಮ್ಮ ಭಾಗದ ಪ್ರವಾಸಿ ವ್ಯಾಪಾರವನ್ನು ನೆಲಕ್ಕೆ ಕೆಡವಿ ಐದು ವರುಷಗಳ ಮೇಲಾಯಿತು. ಹಂಪಿಯಲ್ಲಿ ಈಗ ಮತ್ತೆ ಜನಸಂದಣಿ. ರಜೆಯ ದಿನಗಳಲ್ಲಿ ಕಮಲಾಪುರದ ರಸ್ತೆಯುದ್ದಕ್ಕೂ ಕಾರುಗಳು ನಿಲ್ಲುತ್ತವೆ. ಹೊಸಪೇಟೆಯ ಲಾಡ್ಜುಗಳಲ್ಲಿ ಕೋಣೆ ಸಿಗುವುದು ಕಷ್ಟ. ಇದನ್ನು ಕಂಡು ಪ್ರವಾಸೋದ್ಯಮ ಚೇತರಿಸಿಕೊಂಡಿತೆಂದು ಸರಕಾರಗಳು ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳುತ್ತಿವೆ. ಚೇತರಿಸಿಕೊಂಡವರು ಯಾರು ಎಂದು ಕೇಳುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ. ವಿರೂಪಾಕ್ಷನ ಗೋಪುರದ ಮುಂದೆ ಹಣ್ಣು ಕಾಯಿ ಇಟ್ಟುಕೊಂಡು ಕೂತ ಹೆಂಗಸು ಚೇತರಿಸಿಕೊಂಡಳೆ? ಹರಿಗೋಲು ಹಾಕುವವನು, ಬಾಡಿಗೆ ಆಟೋ ಓಡಿಸುವವನು, ಕಸೂತಿಯ ಚೀಲ ಹೊತ್ತು ಪ್ರವಾಸಿಗಳ ಹಿಂದೆ ನಡೆಯುವ ಲಂಬಾಣಿ ಹೆಣ್ಣುಮಗಳು, ಲಾಡ್ಜಿನ ಅಡಿಗೆಯವನು, ಇವರೆಲ್ಲ ಆ ಎರಡು ವರುಷ ಯಾರ ಹಣದಲ್ಲಿ ಉಂಡರು? ಆ ಹಣವನ್ನು ಎಷ್ಟು ಬಡ್ಡಿ ಸೇರಿಸಿ ತೀರಿಸಿದರು? ಸರಕಾರದ ಪ್ರಕಟಣೆಗಳಲ್ಲಿ ಇದರ ಮಾತೇ ಇಲ್ಲ.

ರೋಗವನ್ನು ಸರಕಾರ ತಂದಿತೆಂದು ನಾವು ಹೇಳುವುದಿಲ್ಲ. 2020ರ ಮಾರ್ಚಿಯಲ್ಲಿ ದೇಶದ ಮೊತ್ತಮೊದಲ ಕೊರೋನಾ ಸಾವು ಆದದ್ದು ನಮ್ಮದೇ ಕಲಬುರಗಿಯಲ್ಲಿ. ಜನ ಗುಂಪುಗೂಡಿದರೆ ರೋಗ ಹರಡುತ್ತದೆಂದು ವೈದ್ಯರು ಹೇಳಿದಾಗ ಗುಡಿ, ಸ್ಮಾರಕ, ಹೋಟೆಲು, ಸಂತೆಗಳನ್ನು ಮುಚ್ಚಬೇಕಾದುದು ಅನಿವಾರ್ಯವಾಗಿತ್ತು. ಮುಚ್ಚಿದ ರೀತಿ ಸರಿಯಿತ್ತೆ, ನಾಲ್ಕು ತಾಸಿನ ಮುನ್ಸೂಚನೆ ಕೊಟ್ಟು ದೇಶಕ್ಕೆ ಬೀಗ ಹಾಕಬಹುದಿತ್ತೆ ಎಂಬ ಚರ್ಚೆ ಬೇರೆಯೇ ಇದೆ. ನಮ್ಮ ಪ್ರಶ್ನೆ ಇಷ್ಟು: ಎಲ್ಲರ ಪ್ರಾಣ ಉಳಿಸಲೆಂದು ಕೆಲವರ ಅಂಗಡಿಯ ಬಾಗಿಲನ್ನು ಸರಕಾರವೇ ಆಜ್ಞೆ ಮಾಡಿ ಹಾಕಿಸಿದ ಮೇಲೆ, ಅವರ ನಷ್ಟದಲ್ಲಿ ಎಲ್ಲರಿಗೂ ಪಾಲು ಇರಬೇಡವೆ? ಕಾಲುವೆ ತೋಡಲು ರೈತನ ಹೊಲ ತೆಗೆದುಕೊಂಡರೆ ಸರಕಾರ ಅವನಿಗೆ ಪರಿಹಾರ ಕೊಡುತ್ತದೆ. ಅದು ಸಾಲದೆನ್ನಬಹುದು, ತಡವಾಯಿತೆನ್ನಬಹುದು. ಆದರೆ ಹೊಲ ಹೋದುದಕ್ಕಾಗಿ ನಿನಗೆ ಸಾಲ ಕೊಡುತ್ತೇವೆ, ಬಡ್ಡಿ ಸಹಿತ ತೀರಿಸು ಎಂದು ತುಂಗಭದ್ರೆಯ ದಡದಲ್ಲಿ ಯಾವ ಅಧಿಕಾರಿಯೂ ಹೇಳಿದ್ದಿಲ್ಲ. ಕೊರೋನಾ ಕಾಲದಲ್ಲಿ ಸಣ್ಣ ವ್ಯಾಪಾರಿಗೆ ಹೇಳಿದ್ದು ಅದನ್ನೇ.

ನಡೆದುದನ್ನು ಮೊದಲು ನೆನಪಿಗೆ ತಂದುಕೊಳ್ಳೋಣ. 2020ರ ಮಾರ್ಚಿ 17ರಂದು ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳೆಲ್ಲ ಮುಚ್ಚಿದವು. ಒಂದು ವಾರದಲ್ಲಿ ದೇಶಕ್ಕೇ ಬೀಗ ಬಿತ್ತು. ಸ್ಮಾರಕಗಳನ್ನು ತೆರೆಯಲು ಮತ್ತೆ ಅನುಮತಿ ದೊರೆತದ್ದು ಜುಲೈ 6ಕ್ಕೆ, ಎಂದರೆ ಸುಮಾರು ಮೂರೂವರೆ ತಿಂಗಳ ಮೇಲೆ. 2021ರ ಏಪ್ರಿಲ್ ನಡುವಿನಲ್ಲಿ ಎರಡನೆಯ ಅಲೆಗೆ ಮತ್ತೆ ಮುಚ್ಚಿ ಜೂನ್ 16ರಂದು ತೆರೆದರು. ಹೀಗೆ ಹೇಳಿದರೆ ಒಟ್ಟು ಆರು ತಿಂಗಳೂ ಆಗಲಿಲ್ಲವಲ್ಲ ಎನಿಸೀತು. ಆದರೆ ಹಂಪಿಯ ವ್ಯಾಪಾರ ಹನ್ನೆರಡು ತಿಂಗಳಿನದಲ್ಲ. ಬೇಸಿಗೆಯಲ್ಲಿ ಇಲ್ಲಿನ ಬಂಡೆ ಕೆಂಡವಾಗುತ್ತದೆ. ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಹರಿಗೋಲು ನಿಲ್ಲುತ್ತದೆ. ದುಡಿಮೆಯೆಲ್ಲ ದಸರೆಯ ಹೊತ್ತಿನಿಂದ ಶಿವರಾತ್ರಿಯವರೆಗೆ. ವಿದೇಶೀ ಪ್ರವಾಸಿಗಳು ಬರುವುದೂ ಆಗಲೇ. 2020ರ ಮಾರ್ಚಿಯಲ್ಲಿ ನಿಂತ ಪ್ರವಾಸಿ ವೀಸಾ ಎಲ್ಲರಿಗೂ ಮತ್ತೆ ತೆರೆದದ್ದು 2021ರ ನವೆಂಬರಿನಲ್ಲಿ. ನಿಯಮಿತ ಅಂತರರಾಷ್ಟ್ರೀಯ ವಿಮಾನಗಳು ಹಾರಿದ್ದು 2022ರ ಮಾರ್ಚಿ 27ರಿಂದ. ನಡುವೆ 2022ರ ಜನವರಿಯಲ್ಲಿ ಒಮಿಕ್ರಾನ್ ಬಂದು ರಾಜ್ಯದಲ್ಲಿ ವಾರಾಂತ್ಯದ ಕರ್ಫ್ಯೂ ಹಾಕಿದರು. ವಾರಾಂತ್ಯದಲ್ಲೇ ನಾಲ್ಕು ಕಾಸು ಕಾಣುವವನಿಗೆ ವಾರಾಂತ್ಯದಲ್ಲೇ ಕರ್ಫ್ಯೂ! ಹಂಪಿಯ ಜನತಾ ಪ್ಲಾಟಿನಲ್ಲಿ ಮನೆಯ ಒಂದೆರಡು ಕೋಣೆಗಳನ್ನು ವಿದೇಶೀಯರಿಗೆ ಬಾಡಿಗೆ ಕೊಟ್ಟು ಬದುಕುವವನು ಎರಡು ಪೂರ್ತಿ ಹಂಗಾಮುಗಳನ್ನು ಕಳೆದುಕೊಂಡನು. ಒಂದು ಬೆಳೆ ಹೋದರೆ ರೈತ ತತ್ತರಿಸುತ್ತಾನೆಂಬುದು ಎಲ್ಲರಿಗೂ ತಿಳಿದಿದೆ. ಇವನಿಗೆ ಎರಡು ಬೆಳೆ ಹೋದವು.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. 2019ರಲ್ಲಿ ಭಾರತಕ್ಕೆ ಬಂದ ವಿದೇಶೀ ಪ್ರವಾಸಿಗಳು ಸುಮಾರು 1 ಕೋಟಿ 9 ಲಕ್ಷ. 2020ರಲ್ಲಿ ಅದು 27 ಲಕ್ಷಕ್ಕೆ, 2021ರಲ್ಲಿ 15 ಲಕ್ಷಕ್ಕೆ ಇಳಿಯಿತು. 2024ರಲ್ಲೂ ಅದು 2019ರ ಮಟ್ಟ ಮುಟ್ಟಲಿಲ್ಲ. ಕೇಂದ್ರ ಪ್ರವಾಸೋದ್ಯಮ ಮಂತ್ರಾಲಯವೇ ಮಾಡಿಸಿದ ಅಧ್ಯಯನದ ಪ್ರಕಾರ 2020ರ ಏಪ್ರಿಲಿನಿಂದ ಡಿಸೆಂಬರಿನವರೆಗೆ ಮೂರು ತ್ರೈಮಾಸಿಕಗಳಲ್ಲಿ ಹೋದ ಕೆಲಸಗಳು 2 ಕೋಟಿ 15 ಲಕ್ಷ. ಅದರಲ್ಲಿ 1 ಕೋಟಿ 45 ಲಕ್ಷ ಮೊದಲ ಮೂರು ತಿಂಗಳಲ್ಲೇ ಹೋದವು. ಈ ಅಂಕಿಗಳನ್ನು ಸರಕಾರವೇ ಪಾರ್ಲಿಮೆಂಟಿನ ಮುಂದಿಟ್ಟಿತು. ರೋಗದ ಆಳ ಸರಕಾರಕ್ಕೆ ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. ಮದ್ದು ಯಾವುದನ್ನು ಕೊಟ್ಟರೆಂಬುದನ್ನು ಈಗ ನೋಡೋಣ.

2020ರ ಮೇ 13ರಂದು ಕೇಂದ್ರದ ಹಣಕಾಸು ಮಂತ್ರಿ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರು 3 ಲಕ್ಷ ಕೋಟಿ ರೂಪಾಯಿಗಳ ತುರ್ತು ಸಾಲ ಖಾತರಿ ಯೋಜನೆಯನ್ನು ಪ್ರಕಟಿಸಿದರು. ಅಡಮಾನ ಬೇಡ, ಖಾತರಿ ಸರಕಾರದ್ದು. ಪತ್ರಿಕೆಗಳು ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿದವು. ಒಳಗಿನ ಷರತ್ತು ಏನೆಂದರೆ, 2020ರ ಫೆಬ್ರವರಿ 29ರಂದು ಬ್ಯಾಂಕಿನಲ್ಲಿ ನಿನ್ನ ಹೆಸರಿನ ಸಾಲದ ಬಾಕಿ ಎಷ್ಟಿತ್ತೋ ಅದರ ಶೇಕಡ 20ರಷ್ಟು ಹೊಸ ಸಾಲ ಸಿಗುತ್ತದೆ. ಈ ಲೆಕ್ಕವನ್ನು ವಾಚಕರು ತಾವೇ ಮಾಡಿ ನೋಡಬೇಕು. 5 ಕೋಟಿ ಬಾಕಿ ಇದ್ದ ಹೋಟೆಲಿನವನಿಗೆ 1 ಕೋಟಿ. 50 ಸಾವಿರ ಬಾಕಿ ಇದ್ದ ಸಣ್ಣ ಅಂಗಡಿಯವನಿಗೆ 10 ಸಾವಿರ. ಬ್ಯಾಂಕಿನ ಮೆಟ್ಟಿಲನ್ನೇ ಹತ್ತದೆ, ಮಾರವಾಡಿಯ ಬಳಿಯೋ ಸಂಘದಲ್ಲೋ ಕೈಗಡ ತಂದು ತೆಂಗಿನಕಾಯಿ ಮಾರುತ್ತಿದ್ದವಳಿಗೆ ಸೊನ್ನೆ. ಹೋಟೆಲು, ಪ್ರವಾಸಗಳ ಕಷ್ಟ ಹೆಚ್ಚೆಂದು ಒಪ್ಪಿ 2021ರ ಮಾರ್ಚಿ ಕೊನೆಯಲ್ಲಿ ಆ ಶೇಕಡ 20ನ್ನು 40ಕ್ಕೆ ಏರಿಸಿದರು. ಆಗ 5 ಕೋಟಿಯವನಿಗೆ 2 ಕೋಟಿಯ ದಾರಿಯಾಯಿತು, 50 ಸಾವಿರದವನಿಗೆ 20 ಸಾವಿರ. ಸೊನ್ನೆಯ ನಲವತ್ತು ಪಾಲೂ ಸೊನ್ನೆಯೆ. 2022ರ ಮುಂಗಡಪತ್ರದಲ್ಲಿ ಒಟ್ಟು ಖಾತರಿಯನ್ನು 5 ಲಕ್ಷ ಕೋಟಿಗೆ ಏರಿಸಿ, ಹೆಚ್ಚಿಸಿದ 50 ಸಾವಿರ ಕೋಟಿಯನ್ನು ಹೋಟೆಲು ಮತ್ತು ಸಂಬಂಧಪಟ್ಟ ಉದ್ಯಮಗಳಿಗೇ ಮೀಸಲಿಟ್ಟರು. ತೆಂಗಿನಕಾಯಿಯವಳ ಲೆಕ್ಕ ಬದಲಾಗಲಿಲ್ಲ. ಯೋಜನೆ 2023ರ ಮಾರ್ಚಿಗೆ ಮುಗಿಯಿತು.

ಈ ಯೋಜನೆಯಿಂದ ಯಾರಿಗೂ ಉಪಕಾರವಾಗಲಿಲ್ಲವೆಂದು ನಾವು ವಾದಿಸುವುದಿಲ್ಲ. ಮುಳುಗುತ್ತಿದ್ದ ಎಷ್ಟೋ ಕಾರಖಾನೆ, ಹೋಟೆಲುಗಳು ಇದರಿಂದ ಉಸಿರಾಡಿರಬಹುದು. ಅಲ್ಲಿನ ಕೆಲಸಗಾರರಲ್ಲಿ ಕೆಲವರಿಗೆ ಕೆಲಸ ಉಳಿದಿರಬಹುದು. ಆದರೆ ಯಾರು ಹೆಚ್ಚು ಸಾಲ ಮಾಡಿದ್ದಾರೋ ಅವರಿಗೆ ಹೆಚ್ಚು, ಯಾರಿಗೆ ಸಾಲವೇ ಹುಟ್ಟುತ್ತಿರಲಿಲ್ಲವೋ ಅವರಿಗೆ ಏನೂ ಇಲ್ಲ ಎಂಬ ಅಳತೆಗೋಲನ್ನು ಪರಿಹಾರವೆಂದು ಕರೆಯಲು ನಾವು ಸಿದ್ಧರಿಲ್ಲ. ಅದು ಬ್ಯಾಂಕುಗಳ ಹಳೆಯ ಸಾಲ ಕೆಡದಂತೆ ಕಾಯುವ ವ್ಯವಸ್ಥೆ. ಸಣ್ಣವರ ಹೆಸರು ಹೇಳಿ ಅದನ್ನು ಮಾಡಬಾರದಿತ್ತು.

ಬೀದಿ ವ್ಯಾಪಾರಿಗಳಿಗೆಂದು 2020ರ ಜೂನ್ 1ರಂದು ಸ್ವನಿಧಿ ಯೋಜನೆ ಬಂದಿತು. 10 ಸಾವಿರ ರೂಪಾಯಿ ದುಡಿಮೆಯ ಬಂಡವಾಳ. ಒಂದು ವರುಷದಲ್ಲಿ ತೀರಿಸಬೇಕು. ಸರಿಯಾಗಿ ತೀರಿಸಿದರೆ ಬಡ್ಡಿಯಲ್ಲಿ ಶೇಕಡ 7 ರಿಯಾಯಿತಿ, ಮುಂದೆ 20 ಸಾವಿರ, ಆಮೇಲೆ 50 ಸಾವಿರ. ಇದು ಒಳ್ಳೆಯ ಯೋಜನೆಯೆಂದು ಹೇಳಲು ನಮಗೆ ಸಂಕೋಚವಿಲ್ಲ. ಬ್ಯಾಂಕಿನವರು ಬೀದಿ ವ್ಯಾಪಾರಿಯನ್ನು ಮನುಷ್ಯನೆಂದು ಎಣಿಸಲು ಆರಂಭಿಸಿದ್ದು ಇದರಿಂದಲೇ. ಆದರೆ ಕೊಳ್ಳುವವನೇ ಬಾರದ ಕಾಲದಲ್ಲಿ ಬಂಡವಾಳವನ್ನು ಏನು ಮಾಡಬೇಕು? ಅಕ್ಕಿ ತಂದು ಉಣ್ಣಬೇಕು. ಉಂಡ ಸಾಲ ತಿರುಗಿ ಹುಟ್ಟುವುದಿಲ್ಲ.

ಇನ್ನೊಂದು ವಿಷಯವಿದೆ. ಈ ಯೋಜನೆ ಪಟ್ಟಣಗಳಿಗೆ ಸೇರಿದ್ದು. ಹೊಸಪೇಟೆಯ ತಳ್ಳುಗಾಡಿಯವನಿಗೆ ನಗರಸಭೆಯ ಪಟ್ಟಿಯಲ್ಲಿ ಹೆಸರಿದ್ದರೆ ಸಾಲ ಸಿಕ್ಕಿತು. ಹಂಪಿ ಗ್ರಾಮ ಪಂಚಾಯತಿ. ಜಗತ್ತಿನ ಭೂಪಟದಲ್ಲಿ 1986ರಿಂದ ವಿಶ್ವ ಪರಂಪರೆಯ ಸ್ಥಾನ ಪಡೆದ ಹಂಪಿ, ದೆಹಲಿಯ ಬೀದಿ ವ್ಯಾಪಾರದ ಭೂಪಟದಲ್ಲಿ ಕಾಣದ ಹಳ್ಳಿ! ನದಿಯಾಚೆಯ ಆನೆಗೊಂದಿಯೂ ಅಷ್ಟೆ. 2025ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಈ ಯೋಜನೆಯನ್ನು 2030ರ ಮಾರ್ಚಿಯವರೆಗೆ ಮುಂದುವರಿಸಿ, ಮೊದಲ ಕಂತನ್ನು 15 ಸಾವಿರಕ್ಕೂ ಎರಡನೆಯದನ್ನು 25 ಸಾವಿರಕ್ಕೂ ಏರಿಸಿತು. ಜನಗಣತಿ ಪಟ್ಟಣಗಳಿಗೂ ನಗರದ ಅಂಚಿನ ಪ್ರದೇಶಗಳಿಗೂ ಹಂತಹಂತವಾಗಿ ವಿಸ್ತರಿಸುವುದಾಗಿ ಹೇಳಿತು. ಯಾತ್ರಾಸ್ಥಳವಾದ, ಪ್ರವಾಸಿಸ್ಥಳವಾದ ಹಳ್ಳಿಯನ್ನು ಹೆಸರಿಟ್ಟು ಸೇರಿಸಲು ಒಂದು ಸಾಲು ಸಾಕಾಗಿತ್ತು.

ಗೈಡುಗಳ ವಿಷಯಕ್ಕೆ ಬಂದರೆ, 2021ರ ಜೂನ್ 28ರಂದು ಕೇಂದ್ರ ಸರಕಾರ ದೇಶದ 10,700 ಮಾನ್ಯತೆ ಪಡೆದ ಗೈಡುಗಳಿಗೆ ತಲಾ 1 ಲಕ್ಷದವರೆಗೆ, ಸುಮಾರು 1,000 ಪ್ರವಾಸ ಸಂಸ್ಥೆಗಳಿಗೆ ತಲಾ 10 ಲಕ್ಷದವರೆಗೆ ನೆರವು ಪ್ರಕಟಿಸಿತು. ನೆರವು ಎಂದರೆ ಇದೂ ಸಾಲವೇ. ಎರಡು ಕೋಟಿಗೂ ಹೆಚ್ಚು ಜನರ ಕೆಲಸ ಹೋದ ಉದ್ಯಮದಲ್ಲಿ ಸರಕಾರದ ಕಣ್ಣಿಗೆ ಬಿದ್ದವರು ಹನ್ನೆರಡು ಸಾವಿರಕ್ಕಿಂತ ಕಡಿಮೆ!

ರಾಜ್ಯ ಸರಕಾರ ಕೈಗೆ ಹಣ ಕೊಟ್ಟಿತು, ಅದನ್ನು ಒಪ್ಪಬೇಕು. 2020ರ ಮೇ 6ರಂದು ಆಗಿನ ಮುಖ್ಯಮಂತ್ರಿ ಶ್ರೀ ಯಡಿಯೂರಪ್ಪನವರು 1,610 ಕೋಟಿಯ ಪ್ಯಾಕೇಜು ಪ್ರಕಟಿಸಿ, ಕ್ಷೌರಿಕರು, ಮಡಿವಾಳರು, 7 ಲಕ್ಷ 75 ಸಾವಿರ ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5 ಸಾವಿರವೆಂದರು. ಅರ್ಜಿ ಹಾಕಬೇಕಾದದ್ದು ಸೇವಾಸಿಂಧು ಜಾಲತಾಣದಲ್ಲಿ. ಲೈಸೆನ್ಸು, ಬ್ಯಾಡ್ಜು, ವಾಹನದ ದಾಖಲೆ, ಆಧಾರು, ಬ್ಯಾಂಕು ಎಲ್ಲ ಒಂದಕ್ಕೊಂದು ಕೂಡಬೇಕು. ಇನ್ನೊಬ್ಬನ ಆಟೋವನ್ನು ದಿನಬಾಡಿಗೆಗೆ ಓಡಿಸುವವನಿಗೆ ಇವೆಲ್ಲ ಕೂಡುವುದು ಎಷ್ಟು ಸುಲಭವೆಂಬುದನ್ನು ಬಸ್ ನಿಲ್ದಾಣದ ಮುಂದಿನ ಯಾವ ಸ್ಟ್ಯಾಂಡಿನಲ್ಲಿ ಕೇಳಿದರೂ ಹೇಳುತ್ತಾರೆ. 2021ರ ಮೇ ತಿಂಗಳ 1,250 ಕೋಟಿಯ ಎರಡನೆಯ ಪ್ಯಾಕೇಜಿನಲ್ಲಿ ಚಾಲಕರಿಗೆ 3 ಸಾವಿರ, ಸ್ವನಿಧಿಯಲ್ಲಿ ನೋಂದಾಯಿಸಿದ ಬೀದಿ ವ್ಯಾಪಾರಿಗಳಿಗೆ 2 ಸಾವಿರ. ಆ ಸಲದ ನಿರ್ಬಂಧ ಏಪ್ರಿಲ್ 27ರ ರಾತ್ರಿಯಿಂದ ಜೂನ್ 14ರವರೆಗೆ ಇತ್ತು. 2 ಸಾವಿರವನ್ನು ಆ 48 ದಿನಗಳಿಗೆ ಹಂಚಿದರೆ ದಿನಕ್ಕೆ 42 ರೂಪಾಯಿಯೂ ಬೀಳುವುದಿಲ್ಲ. ಒಂದು ಮನೆಗೆ, ದಿನಕ್ಕೆ! ಅದೇ ಜೂನಿನಲ್ಲಿ ಹೋಟೆಲು, ರೆಸಾರ್ಟುಗಳಿಗೆ ಆ ವರುಷದ ಆಸ್ತಿ ತೆರಿಗೆಯ ಅರ್ಧವನ್ನು ಬಿಟ್ಟುಕೊಡುವುದಾಗಿ ಸರಕಾರ ಹೇಳಿತು. ಆಸ್ತಿ ತೆರಿಗೆ ಕಟ್ಟುವವನು ಕಟ್ಟಡದ ಮಾಲೀಕ. ಬಾಡಿಗೆಗೆ ಹಿಡಿದು ಖಾನಾವಳಿ ನಡೆಸುವವನ ಬಾಡಿಗೆಯಲ್ಲಿ ಒಂದು ರೂಪಾಯಿಯನ್ನೂ ಮಾಲೀಕ ಇಳಿಸಬೇಕೆಂಬ ಷರತ್ತು ಅದಕ್ಕೆ ಇದ್ದಂತೆ ನಾವು ಕಾಣಲಿಲ್ಲ.

ಮೈಸೂರಿನ ಮಾತನ್ನೂ ಹೇಳಿಬಿಡೋಣ. 2020ರ ದಸರೆಯಲ್ಲಿ ಜಂಬೂ ಸವಾರಿ ಅರಮನೆಯ ಅಂಗಳವನ್ನು ದಾಟಲಿಲ್ಲ. ಸುಮಾರು ಮುನ್ನೂರು ಜನರ ಮುಂದೆ ಆನೆಗಳು ಒಂದು ಸುತ್ತು ಬಂದವು. 2021ರಲ್ಲೂ ಅಂಗಳದಲ್ಲೇ. ಎರಡು ದಸರೆ ಹೋದರೆ ಬೀದಿಯ ಬಲೂನಿನವನಿಗೆ, ಟಾಂಗಾದವನಿಗೆ ಏನು ಹೋಯಿತೆಂಬುದು ಮೈಸೂರಿನವರಿಗೆ ಗೊತ್ತು. ಅಲ್ಲಿನ ಮೃಗಾಲಯ ಸರಕಾರದ ಅನುದಾನವಿಲ್ಲದೆ ಟಿಕೆಟ್ಟಿನ ಹಣದಲ್ಲೇ ನಡೆಯುವ ಸಂಸ್ಥೆ. ಅದರ ಬಾಗಿಲು ಮುಚ್ಚಿದಾಗ ಮಂತ್ರಿಗಳೇ ನಿಂತು ದಾನಿಗಳಿಂದ ಕೋಟಿಗಟ್ಟಲೆ ಹಣ ಕೂಡಿಸಿದರು. ಒಳ್ಳೆಯ ಕೆಲಸ. ಪ್ರಾಣಿಗಳು ಉಪವಾಸ ಬೀಳಬಾರದು. ಅದೇ ಮೃಗಾಲಯದ ಗೇಟಿನ ಹೊರಗೆ ಕಡಲೆಕಾಯಿ ಮಾರುವವನು ತನ್ನ ಅದೃಷ್ಟವನ್ನು ಹುಲಿಯ ಅದೃಷ್ಟದೊಡನೆ ಹೋಲಿಸಿ ನೋಡಿಕೊಂಡಿರಬೇಕು.

ಸರಕಾರ ಕೊಡದ ಹಣವನ್ನು ಜನ ಎಲ್ಲಿಂದ ತಂದರು? ರಿಸರ್ವ್ ಬ್ಯಾಂಕು 2020ರ ಮಾರ್ಚಿಯಿಂದ ಆಗಸ್ಟಿನವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು. ಮುಂದೂಡಿದ ಕಂತಿಗೆ ಬಡ್ಡಿ ಓಡುತ್ತಲೇ ಇತ್ತು. ಬಡ್ಡಿಯ ಮೇಲಿನ ಬಡ್ಡಿಯನ್ನು ಹಿಂದಕ್ಕೆ ಪಡೆಯಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಕೈಸಾಲಕ್ಕೆ, ವಾರದ ಬಡ್ಡಿಗೆ, ಅಡವಿಟ್ಟ ತಾಳಿಗೆ ಯಾವ ಮುಂದೂಡಿಕೆಯೂ ಇರಲಿಲ್ಲ. ಒಂದು ಸಾಲ ತೀರಿಸಲು ಇನ್ನೊಂದು, ಅದನ್ನು ತೀರಿಸಲು ಮತ್ತೊಂದು. ಮೈಕ್ರೋಫೈನಾನ್ಸಿನವರ ವಸೂಲಿಯ ಕಿರುಕುಳ ಎಷ್ಟು ಮಿತಿಮೀರಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಆ ಸಾಲವೆಲ್ಲ ಕೊರೋನಾ ಕಾಲದ್ದೆಂದು ನಾವು ಹೇಳುವುದಿಲ್ಲ. ಆದರೆ ದುಡಿಮೆ ನಿಂತ ಎರಡು ವರುಷ ಸಾಲವನ್ನೇ ಅನ್ನವೆಂದು ಬಡಿಸಿದ ಸರಕಾರಗಳು, ಆಮೇಲೆ ವಸೂಲಿಗಾರ ಮನೆಯ ಮುಂದೆ ಕೂತಾಗ ಆಶ್ಚರ್ಯಪಟ್ಟದ್ದು ನಮಗೆ ಆಶ್ಚರ್ಯ.

ಚೇತರಿಕೆಯ ವರುಷಗಳಲ್ಲಿ ನಡೆದುದು ಇನ್ನೂ ವಿಚಿತ್ರ. 7,500 ರೂಪಾಯಿಗಿಂತ ಹೆಚ್ಚು ದರದ ಹೋಟೆಲ್ ಕೋಣೆಯ ಮೇಲಿನ ಜಿ.ಎಸ್.ಟಿ.ಯನ್ನು 2019ರಲ್ಲಿ ಶೇಕಡ 28ರಿಂದ 18ಕ್ಕೆ ಇಳಿಸಿದ್ದರು. ಸಾವಿರ ರೂಪಾಯಿಯೊಳಗಿನ ಕೋಣೆಗೆ ತೆರಿಗೆಯೇ ಇರಲಿಲ್ಲ. 2022ರ ಜುಲೈ 18ರಿಂದ ಆ ವಿನಾಯಿತಿಯನ್ನು ಕಿತ್ತು ಶೇಕಡ 12 ಹಾಕಿದರು. ಉಳ್ಳವರ ಕೋಣೆಗೆ ರೋಗಕ್ಕೆ ಮೊದಲೇ ರಿಯಾಯಿತಿ; ಮದುವೆಯಾದ ಹೊಸದರಲ್ಲಿ ಹೆಂಡತಿಯೊಡನೆ ಹಂಪಿ ನೋಡಲು ಬಂದ ಮೇಷ್ಟರ ಕೋಣೆಗೆ ರೋಗ ಇಳಿಯುತ್ತಿದ್ದ ಹಾಗೆಯೇ ತೆರಿಗೆ! 2025ರ ಸೆಪ್ಟೆಂಬರಿನಲ್ಲಿ 7,500ರವರೆಗಿನ ಕೋಣೆಗಳಿಗೆಲ್ಲ ಶೇಕಡ 5 ಎಂದು ಇಳಿಸಿದರು. ಮೂರು ವರುಷ ಹಿಂಡಿದ ಮೇಲೆ ಇಳಿಸಿದ್ದಕ್ಕೆ ನಾವು ಧನ್ಯವಾದ ಹೇಳಬೇಕೆಂದು ಸರಕಾರ ಬಯಸುತ್ತದೆ. ಸಾವಿರದ ಕೋಣೆಯ ತೆರಿಗೆ ಸೊನ್ನೆಗೆ ಇನ್ನೂ ಮರಳಿಲ್ಲ.

ಸಣ್ಣವನು ಎಂಬ ಮಾತಿನ ಅರ್ಥವೂ ಈ ನಡುವೆ ಬದಲಾಯಿತು. 2020ರ ಜುಲೈಯಿಂದ ವರುಷಕ್ಕೆ 5 ಕೋಟಿಯವರೆಗೆ ವಹಿವಾಟು ಮಾಡುವವನು 'ಸೂಕ್ಷ್ಮ' ಉದ್ಯಮಿ. 2025ರ ಏಪ್ರಿಲಿನಿಂದ ಅದು 10 ಕೋಟಿ. ದಿನಕ್ಕೆ ಸಾವಿರ ರೂಪಾಯಿಯ ಎಳನೀರು ಮಾರುವವನೂ ವರುಷಕ್ಕೆ 10 ಕೋಟಿ ವಹಿವಾಟಿನವನೂ ಈಗ ಒಂದೇ ಪಂಕ್ತಿ. ಒಂದೇ ಪಂಕ್ತಿಯಲ್ಲಿ ಕೂಡಿಸಿದ ಮೇಲೆ ಸೌಟು ಯಾರ ಎಲೆಯ ಮುಂದೆ ನಿಲ್ಲುತ್ತದೆಂಬುದನ್ನು ಊಟದ ಮನೆ ಕಂಡವರಿಗೆ ವಿವರಿಸಬೇಕಾಗಿಲ್ಲ. ಬ್ಯಾಂಕುಗಳು ಸೂಕ್ಷ್ಮ ಉದ್ಯಮಗಳಿಗೆ ಇಷ್ಟು ಕೊಟ್ಟೆವೆಂದು ಅಂಕಿ ತೋರಿಸಿದಾಗ ಅದರಲ್ಲಿ ಎಳನೀರಿನವನ ಪಾಲೆಷ್ಟು ಎಂದು ಬಿಡಿಸಿ ಕೇಳಬೇಕು.

ಹಾಗಾದರೆ ನಮ್ಮ ರಾಜ್ಯದಲ್ಲಿ ಸಣ್ಣ ವ್ಯಾಪಾರಿಯ ಗಲ್ಲಾಪೆಟ್ಟಿಗೆಗೆ ಹಣ ತಂದ ನೀತಿ ಯಾವುದು? ಅದನ್ನು ಪ್ರವಾಸೋದ್ಯಮ ಇಲಾಖೆ ಮಾಡಲಿಲ್ಲ. 2023ರ ಜೂನ್ 11ರಿಂದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಸಿಕ್ಕಿತು. ಧರ್ಮಸ್ಥಳ, ಕುಕ್ಕೆ, ಮಲೆ ಮಹದೇಶ್ವರ ಬೆಟ್ಟ, ಸವದತ್ತಿ, ನಮ್ಮ ಹುಲಿಗಿ, ಹಂಪಿ, ಎಲ್ಲಿ ನೋಡಿದರಲ್ಲಿ ಹೆಂಗಸರ ತಂಡಗಳು. ಹುಟ್ಟಿದ ಊರು, ಗಂಡನ ಊರು, ಆಸ್ಪತ್ರೆ ಬಿಟ್ಟು ಬೇರೆ ದಾರಿ ಕಾಣದ ಕೂಲಿಕಾರ ಹೆಣ್ಣುಮಕ್ಕಳು ಬಸ್ಸು ಹತ್ತಿ ದೇವರು ನೋಡಿ ಬಂದರು. ಉಳಿದ ಬಸ್ಸಿನ ದುಡ್ಡಿನಲ್ಲಿ ಹೂವು, ಬಳೆ, ಕುಂಕುಮ, ಮಂಡಕ್ಕಿ, ಮಿರ್ಚಿ, ಮಗುವಿಗೊಂದು ಪೀಪಿ ಕೊಂಡರು. ಆ ಹಣ ನೇರವಾಗಿ ಬಿದ್ದದ್ದು ಬ್ಯಾಂಕಿನ ಲೆಕ್ಕದಲ್ಲಿ ಸೊನ್ನೆಯಾಗಿದ್ದವರ ಕೈಗೆ. 2025ರ ಜುಲೈ ವೇಳೆಗೆ ಈ ಯೋಜನೆಯಲ್ಲಿ 500 ಕೋಟಿ ಪ್ರಯಾಣಗಳಾದವು. ಇದರಿಂದ ಆಟೋದವರಿಗೂ ಖಾಸಗಿ ಬಸ್ಸಿನವರಿಗೂ ಪೆಟ್ಟು ಬಿದ್ದುದು ನಿಜ. 2023ರ ಸೆಪ್ಟೆಂಬರಿನಲ್ಲಿ ಅವರು ಬೆಂಗಳೂರಿನಲ್ಲಿ ಬಂದ್ ನಡೆಸಿದ್ದು ಸುಮ್ಮನೆ ಅಲ್ಲ. ಅವರ ದೂರನ್ನು ಸರಕಾರ ಕೇಳಬೇಕು. ಆದರೂ ಕೊಳ್ಳುವ ಬಡವಳ ಕೈಯಲ್ಲಿ ನಾಲ್ಕು ಕಾಸು ಉಳಿಸಿದರೆ ಮಾರುವ ಬಡವಳ ಒಲೆ ಉರಿಯುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಪ್ರವಾಸಿ ಎಂದರೆ ವಿಮಾನದಲ್ಲಿ ಇಳಿದವನು ಎಂಬ ಭ್ರಮೆಯಲ್ಲಿ ಬರೆದ ನೀತಿಗಳು ಇದನ್ನು ಕಾಣಲಾರವು.

ಮುಂದೆ ಮಾಡಬೇಕಾದುದೇನು? ರೋಗವೇ ಬರಬೇಕೆಂದಿಲ್ಲ. 2024ರ ಆಗಸ್ಟಿನಲ್ಲಿ ತುಂಗಭದ್ರೆಯ 19ನೆಯ ಗೇಟು ಕೊಚ್ಚಿಹೋದಾಗ ನದಿಯ ದಡದಲ್ಲಿ ದುಡಿಯುವವರ ಎದೆ ನಡುಗಿತು. ನೆರೆ, ಗಲಭೆ, ನ್ಯಾಯಾಲಯದ ಆಜ್ಞೆ, ಯಾವುದರಿಂದಲಾದರೂ ಬಾಗಿಲು ಮುಚ್ಚಬಹುದು. ಆಗ ಮತ್ತೆ ಸಾಲದ ಮೇಳ ನಡೆಸಬೇಕೆ?

ಇದಕ್ಕೆ ದಾರಿ ನಮ್ಮ ರಾಜ್ಯದಲ್ಲೇ ಇದೆ. ಕಟ್ಟಡ ಕಾರ್ಮಿಕರಿಗೆ 1996ರ ಕಾನೂನಿನ ಮೇಲೆ ರಚಿಸಿದ ಕಲ್ಯಾಣ ಮಂಡಳಿ ಇದೆ. ಕಟ್ಟಡದ ವೆಚ್ಚದ ಮೇಲೆ ಶೇಕಡ 1 ಸೆಸ್ಸು ಅದಕ್ಕೆ ಸೇರುತ್ತದೆ. ಆದುದರಿಂದ 2020ರಲ್ಲಿ ಮಂಡಳಿಯ ಪಟ್ಟಿಯಲ್ಲಿದ್ದ ಕಾರ್ಮಿಕರ ಖಾತೆಗೆ ಒಟ್ಟು 5 ಸಾವಿರ ರೂಪಾಯಿ ಹಾಕಲು ಸರಕಾರಕ್ಕೆ ಹೊಸ ಹಣ ಹುಡುಕಬೇಕಾಗಲಿಲ್ಲ. ಆ ಮಂಡಳಿಯ ನಕಲಿ ಕಾರ್ಡುಗಳ ಕಥೆ ನಮಗೂ ಗೊತ್ತು; ಅದು ಕಾವಲು ಹೆಚ್ಚಿಸಲು ಕಾರಣವೇ ಹೊರತು ಮಂಡಳಿ ಬೇಡವೆನ್ನಲು ಕಾರಣವಲ್ಲ. 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರಿಗೆ, 2025ರಲ್ಲಿ ಆನ್‌ಲೈನ್ ಕಂಪನಿಗಳಿಗೆ ದುಡಿಯುವ ಗಿಗ್ ಕಾರ್ಮಿಕರಿಗೆ ಇದೇ ಬಗೆಯ ಕಾನೂನುಗಳನ್ನು ರಾಜ್ಯ ಮಾಡಿತು. ಸಿನಿಮಾ ಟಿಕೆಟ್ಟಿನಿಂದ ಸಿನಿಮಾ ಕೆಲಸಗಾರನಿಗೆ ಪಾಲು ತೆಗೆಯಬಹುದಾದರೆ, 7,500 ರೂಪಾಯಿಗಿಂತ ಮೇಲಿನ ಕೋಣೆಯ ಬಾಡಿಗೆಯಿಂದ ಪ್ರವಾಸಿ ಸ್ಥಳದ ದುಡಿಯುವವರಿಗೆ ಏಕೆ ತೆಗೆಯಬಾರದು? ಗೈಡು, ಹರಿಗೋಲಿನವನು, ಬೀದಿ ವ್ಯಾಪಾರಿ, ಲಾಡ್ಜಿನ ಕೆಲಸಗಾರ, ಬಾಡಿಗೆ ಚಾಲಕ, ಇವರಿಗೊಂದು ಕಲ್ಯಾಣ ಮಂಡಳಿ ಬೇಕು. ಸರಕಾರದ ಆಜ್ಞೆಯಿಂದ ಕೆಲಸ ನಿಂತ ಪ್ರತಿ ದಿನಕ್ಕೂ ಕನಿಷ್ಠ ಕೂಲಿಯ ಅರ್ಧವಾದರೂ ಅವರಿಗೆ ಭತ್ಯೆಯಾಗಿ ಸಿಗಬೇಕು. ಬ್ರಿಟನ್ನಿನಂಥ ಬಂಡವಾಳಶಾಹಿ ದೇಶವೇ 2020ರ ಮಾರ್ಚಿಯಿಂದ 2021ರ ಸೆಪ್ಟೆಂಬರಿನವರೆಗೆ, ಕೆಲಸ ನಿಂತ ನೌಕರರ ಸಂಬಳದ ಶೇಕಡ 80ರವರೆಗೆ ಒಂದು ಮಿತಿಯೊಳಗೆ ಸರಕಾರದ ಬೊಕ್ಕಸದಿಂದ ಕೊಡಿಸಿತು. ನಾವು ಕೇಳುತ್ತಿರುವುದು ಅದರಷ್ಟೂ ಇಲ್ಲ.

ಹಣವಿಲ್ಲವೆಂಬ ಉತ್ತರ ಬರುತ್ತದೆ. 2024-29ರ ರಾಜ್ಯ ಪ್ರವಾಸೋದ್ಯಮ ನೀತಿಯಲ್ಲಿ ಹೊಸ ಹೋಟೆಲು, ರೆಸಾರ್ಟು ಕಟ್ಟುವವರ ಬಂಡವಾಳಕ್ಕೆ ಸಹಾಯಧನವಿದೆ. ಕಟ್ಟುವವನಿಗೆ ಕೊಡಲು ಹಣವಿದ್ದರೆ ಅದೇ ಹಣಕ್ಕೆ ಒಂದು ಷರತ್ತು ಹಾಕಬಹುದು: ಸ್ಥಳೀಯರಿಗೆ ಕಾಯಂ ಕೆಲಸ, ಮಂಡಳಿಯಲ್ಲಿ ನೋಂದಣಿ, ಹೋಟೆಲಿನ ಆವರಣದಲ್ಲಿ ಊರಿನ ಕಸುಬುದಾರರಿಗೆ ಮಾರಾಟದ ಜಾಗ. ಇದನ್ನು ಒಪ್ಪದವನು ತನ್ನ ಹಣದಲ್ಲೇ ಕಟ್ಟಿಕೊಳ್ಳಲಿ.

ಹಂಪಿಯ ಮಟ್ಟಿಗೆ ಕಾಗದದ ಪ್ರಶ್ನೆಯೇ ಎಲ್ಲಕ್ಕೂ ಮೂಲ. 2011ರ ಜುಲೈಯಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು ಕೆಡವಿದರು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪಾಗಿ ಮಾರ್ಚಿ ಮೊದಲಲ್ಲಿ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಕೆಡವಿದರು. ಅಲ್ಲಿನ ಅಡಿಗೆಯವರೂ ಮಾಣಿಗಳೂ ಹೊಸ ಕೆಲಸ ಹುಡುಕುವ ಮೊದಲೇ ದೇಶಕ್ಕೆ ಬೀಗ ಬಿತ್ತು. ಸ್ಮಾರಕಗಳನ್ನು ಕಾಪಾಡಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಸ್ಮಾರಕ ಕಾಯುವ ಕಾನೂನು ಅಂಗಡಿಯವನನ್ನು ಅನಧಿಕೃತನೆನ್ನುತ್ತದೆ; ಅನಧಿಕೃತನಿಗೆ ಲೈಸೆನ್ಸಿಲ್ಲ; ಲೈಸೆನ್ಸಿಲ್ಲದವನಿಗೆ ಬ್ಯಾಂಕಿಲ್ಲ; ಬ್ಯಾಂಕಿಲ್ಲದವನಿಗೆ ಪರಿಹಾರವಿಲ್ಲ. ಪರಂಪರೆ ಪ್ರದೇಶದ ನಿರ್ವಹಣಾ ಪ್ರಾಧಿಕಾರ, ಗ್ರಾಮ ಪಂಚಾಯತಿ, ಜಿಲ್ಲಾಡಳಿತ ಮೂವರೂ ಕೂತು, ಸ್ಮಾರಕಕ್ಕೆ ಧಕ್ಕೆಯಾಗದ ಜಾಗ ಗುರುತಿಸಿ, ಅಲ್ಲಿ ವ್ಯಾಪಾರ ಮಾಡುವವರಿಗೆ ಗುರುತುಚೀಟಿ ಕೊಡಬೇಕು. 2014ರ ಬೀದಿ ವ್ಯಾಪಾರಿಗಳ ಕಾನೂನಿನಲ್ಲಿ ಪಟ್ಟಣಗಳಿಗೆ ಇರುವ ಸಮೀಕ್ಷೆ, ವ್ಯಾಪಾರಿಗಳೇ ಶೇಕಡ 40ರಷ್ಟು ಇರುವ ಸಮಿತಿ, ಇವುಗಳ ಮಾದರಿ ಕಣ್ಣ ಮುಂದಿದೆ. ನಮ್ಮ ಊರು 2021ರ ಅಕ್ಟೋಬರಿನಲ್ಲಿ ಜಿಲ್ಲಾ ಕೇಂದ್ರವಾಯಿತು. ಬಳ್ಳಾರಿಗೆ ಅಲೆಯುವುದು ತಪ್ಪಿದೆ. ಕಚೇರಿ ಇಲ್ಲೇ ಇದೆ, ಅಧಿಕಾರಿ ಇಲ್ಲೇ ಇದ್ದಾರೆ, ಹಂಪಿ ಹದಿಮೂರು ಕಿಲೋಮೀಟರು. ಮುಂದಿನ ಹಂಗಾಮು ಆರಂಭವಾಗುವ ಮುನ್ನ ಈ ಪಟ್ಟಿ ಸಿದ್ಧವಾಗಬೇಕೆಂದು ಜಿಲ್ಲಾಧಿಕಾರಿಗಳನ್ನು ನಾವು ಒತ್ತಾಯಪಡಿಸುತ್ತೇವೆ.

ಹಂಪಿ, ಕಮಲಾಪುರ, ಆನೆಗೊಂದಿ, ಹುಲಿಗಿಯ ವ್ಯಾಪಾರಿಗಳೂ ಚಾಲಕರೂ ಕೆಲಸಗಾರರೂ, ಕೊರೋನಾ ಕಾಲದಲ್ಲಿ ಪರಿಹಾರಕ್ಕೋ ಸಾಲಕ್ಕೋ ಅರ್ಜಿ ಹಾಕಿ ತಿರಸ್ಕೃತರಾಗಿದ್ದರೆ, ಅಥವಾ ಅರ್ಜಿ ಹಾಕಲು ಕಾಗದವೇ ಇಲ್ಲದೆ ಉಳಿದಿದ್ದರೆ, ಏನು ವ್ಯಾಪಾರ, ಎಷ್ಟು ವರುಷದಿಂದ, ಎಷ್ಟು ಸಾಲ, ಯಾವ ಬಡ್ಡಿ ಎಂಬುದನ್ನು ನಮ್ಮ ಕಚೇರಿಗೆ ಬರೆದು ಕಳಿಸಬೇಕಾಗಿ ಕೋರುತ್ತೇವೆ. ಬರೆಯಲು ಬಾರದವರು ಬಂದು ಹೇಳಿದರೆ ನಾವೇ ಬರೆದುಕೊಳ್ಳುತ್ತೇವೆ. ಹೆಸರು ಗುಟ್ಟಾಗಿರಿಸಿ ಲೆಕ್ಕವನ್ನು ಇಲ್ಲಿ ಅಚ್ಚು ಹಾಕುತ್ತೇವೆ. ಅಚ್ಚಾದ ಪ್ರತಿಯನ್ನು ಜಿಲ್ಲಾಧಿಕಾರಿಗಳ ಕೈಗೆ ನಾವೇ ತಲುಪಿಸುತ್ತೇವೆ.